ಮಲಗುವ ಕೋಣೆಗೆ ಡ್ರಾಯರ್ ಚೆಸ್ಟ್: ಎತ್ತರದ್ದೋ, ಅಗಲದ್ದೋ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಂಚದ ಕಾಲ್ಗಡೆಗೂ ಗೋಡೆಗೂ ನಡುವೆ 130 ಸೆಂ.ಮೀ. ಜಾಗ, ಮನೆಯಲ್ಲಿ ಮೂರು ವರ್ಷದ ಮಗು, ಎತ್ತರದ ಐದು ಡ್ರಾಯರಿನ ಚೆಸ್ಟೋ ಅಗಲದ ಆರು ಡ್ರಾಯರಿನದೋ ಎಂಬ ಗೊಂದಲ, ಕೊನೆಗೆ "ಯಾವ ಮರ ಒಳ್ಳೆಯದು?" ಅಂತ ಕೇಳಿದ್ದೀರಿ. ಮರವನ್ನು ಕೊನೆಗೆ ಇಟ್ಟಿದ್ದೀರಲ್ಲ, ಅಷ್ಟು ಒಳ್ಳೆಯದಾಯಿತು. ಹೆಚ್ಚಿನವರು ಅದನ್ನೇ ಮೊದಲು ಕೇಳಿ, ಪಾಲಿಶಿಗೆ ಮರುಳಾಗಿ ಮನೆಗೆ ತಂದುಬಿಡುತ್ತಾರೆ. ನಾನೂ ಹಾಗೆ ತಂದವನೇ.

ನಾನು ಬಡಗಿಯಲ್ಲ. ಇದುವರೆಗೆ ಮೂರು ಚೆಸ್ಟ್ ಕೊಂಡಿದ್ದೇನೆ, ಮೊದಲ ಎರಡರಲ್ಲಿ ಪೆಟ್ಟು ತಿಂದಿದ್ದೇನೆ. ಮೊದಲನೆಯದು ನೋಡಲು ಬಲು ಚೆಂದ: ಮೂರೇ ಡ್ರಾಯರ್, ಒಂದೊಂದೂ 110 ಸೆಂ.ಮೀ. ಅಗಲ. ಹೊದಿಕೆ, ಬೆಡ್‌ಶೀಟ್ ಎಲ್ಲ ಅದರಲ್ಲೇ ತುಂಬಿದೆ. ಎರಡನೇ ವರ್ಷಕ್ಕೆ ಡ್ರಾಯರಿನ ತಳ ಹೊಟ್ಟೆಬಿಟ್ಟಿತು. ಮೇಲಿನ ಡ್ರಾಯರಿನ ತಳ ಕೆಳಗಿನ ಡ್ರಾಯರಿನ ಬಟ್ಟೆಗೆ ಉಜ್ಜತೊಡಗಿತು. ಒಂದು ದಿನ ಬೆಳಗ್ಗೆ ಅವಸರದಲ್ಲಿ ಎಳೆದೆ ನೋಡಿ, ಮುಂದಿನ ಹಲಗೆಯಷ್ಟೇ ಕೈಗೆ ಬಂತು, ಬಟ್ಟೆ ಒಳಗೇ ಉಳಿಯಿತು. ತಿರುಗಿಸಿ ನೋಡಿದರೆ ತಳಕ್ಕೆ ಹಾಕಿದ್ದು 3 ಮಿ.ಮೀ. ಹಾರ್ಡ್‌ಬೋರ್ಡ್, ಅದನ್ನು ಹಿಡಿದಿದ್ದು ನಾಲ್ಕಾರು ಸ್ಟೇಪಲ್ ಪಿನ್ನು. ಕೊಳ್ಳುವಾಗ ಒಂದೇ ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಬುಡ ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅದಕ್ಕೇ ಹೇಳುವುದು, ಕೊಳ್ಳಬೇಕಾದದ್ದು ಡ್ರಾಯರನ್ನು. ಚೆಸ್ಟ್ ಅಂದರೆ ಅದನ್ನು ಹೊತ್ತು ನಿಂತ ಗೂಡು.

ಅಂಗಡಿಗೆ ಹೋಗುವ ಮುಂಚೆ, ಇದರೊಳಗೆ ಹೋಗಬೇಕಾದ ಬಟ್ಟೆಯನ್ನೆಲ್ಲ ಮಡಿಸಿ ಮಂಚದ ಮೇಲೆ ಗುಡ್ಡೆ ಹಾಕಿ. ದಿನಾ ಹೇಗೆ ಮಡಿಸುತ್ತೀರೋ ಹಾಗೇ ಮಡಿಸಿ. ವಿಡಿಯೋ ನೋಡಿ ಕಲಿತ ಮಡಿಕೆಯ ಶಿಸ್ತು ಎರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಆಮೇಲೆ ಟೇಪು ಹಿಡಿದು ಅಳೆಯಿರಿ. ಕಾಲುಚೀಲ, ಒಳಉಡುಪಿಗೆ ಡ್ರಾಯರಿನ ಒಳ ಎತ್ತರ 10–12 ಸೆಂ.ಮೀ. ಇದ್ದರೆ ಸಾಕು. ಟೀ ಶರ್ಟಿಗೆ, ಮಗುವಿನ ಬಟ್ಟೆಗೆ 15ರಿಂದ 18. ಜೀನ್ಸ್, ಸ್ವೆಟರ್, ಹೊದಿಕೆಗೆ 20ಕ್ಕಿಂತ ಕಡಿಮೆಯಾದರೆ ಡ್ರಾಯರ್ ಮುಚ್ಚುವಾಗ ಮೇಲಿನ ಬಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಳ್ಳಬೇಕು. ನನ್ನ ಎರಡನೇ ಚೆಸ್ಟಿನಲ್ಲಿ ಇದೇ ಆಯಿತು. ಐದು ಡ್ರಾಯರೂ ಒಂದೇ ಅಳತೆ, ಎಲ್ಲವೂ ಕಾಲುಚೀಲಕ್ಕೆ ದೊಡ್ಡದು, ಸ್ವೆಟರಿಗೆ ಚಿಕ್ಕದು.

ಇಲ್ಲೊಂದು ಮೋಸವಿದೆ, ಮೋಸ ಅನ್ನುವುದಕ್ಕಿಂತ ನಮ್ಮ ಕಣ್ಣಿನ ತಪ್ಪು ಅನ್ನೋಣ. ಹೊರಗೆ ಕಾಣುವ ಹಲಗೆಯ ಎತ್ತರವನ್ನೇ ನಾವು ಡ್ರಾಯರಿನ ಎತ್ತರ ಅಂದುಕೊಳ್ಳುತ್ತೇವೆ. ಮುಂದಿನ ಹಲಗೆ 20 ಸೆಂ.ಮೀ. ಇದ್ದು, ಒಳಗಿನ ಪೆಟ್ಟಿಗೆ 14–15 ಇರುವುದು ತೀರ ಸಾಮಾನ್ಯ. ಅಗಲದ ಲೆಕ್ಕವೂ ಹಾಗೆಯೇ. ಪಕ್ಕಕ್ಕೆ ಹಾಕುವ ಬಾಲ್ ಬೇರಿಂಗ್ ಚಾನೆಲ್ಲಿಗೆ, ಅಂದರೆ ಡ್ರಾಯರ್ ಜಾರುವ ಲೋಹದ ಹಳಿಗೆ, ಒಂದೊಂದು ಬದಿಗೆ 12.7 ಮಿ.ಮೀ. ಸಂದು ಬೇಕು. ಅದರ ಮೇಲೆ ಡ್ರಾಯರಿನ ಪಕ್ಕದ ಹಲಗೆ, ಗೂಡಿನ ಹಲಗೆ ಎಲ್ಲ ಕಳೆದರೆ, 80 ಸೆಂ.ಮೀ. ಅಗಲದ ಚೆಸ್ಟಿನಲ್ಲಿ ಬಟ್ಟೆಗೆ ಉಳಿಯುವುದು ಸುಮಾರು 72. ಆದ್ದರಿಂದ ಟೇಪನ್ನು ಒಳಗೆ ಹಾಕಿ ಅಳೆಯಿರಿ. ಹೊರ ಅಳತೆ ಬೇಕಾಗುವುದು ಕೋಣೆಯ ಲೆಕ್ಕಕ್ಕೆ ಮಾತ್ರ.

ಕೋಣೆಯ ಲೆಕ್ಕ ಅಂದೆನಲ್ಲ, ನಿಮ್ಮ 130 ಸೆಂ.ಮೀ.ಗೆ ಬರೋಣ. 50 ಸೆಂ.ಮೀ. ಆಳದ ಚೆಸ್ಟ್ ಇಟ್ಟರೆ ಮುಂದೆ 80 ಉಳಿಯುತ್ತದೆ. ಡ್ರಾಯರ್ ಪೂರ್ತಿ ಎಳೆದರೆ ಅದು 40 ನುಂಗುತ್ತದೆ. ಉಳಿದ 40ರಲ್ಲಿ ನೀವು ನಿಲ್ಲಬೇಕು, ಬಗ್ಗಬೇಕು, ಕೆಳಗಿನ ಡ್ರಾಯರಿನಲ್ಲಿ ಹುಡುಕಬೇಕು. ಆಗುವುದಿಲ್ಲ, ಮಂಚದ ಮೇಲೆ ಕೂತೇ ಬಟ್ಟೆ ತೆಗೆಯಬೇಕಾಗುತ್ತದೆ. ಅದೇ 40 ಸೆಂ.ಮೀ. ಆಳದ್ದಾದರೆ ಮುಂದೆ 90, ಡ್ರಾಯರ್ 32ರಷ್ಟು ಹೊರಬಂದರೂ 58 ಉಳಿಯಿತು. ಒಬ್ಬರು ಆರಾಮಾಗಿ ಬಗ್ಗಬಹುದು. ಹಾಗಾಗಿ ನಿಮ್ಮ ವಿಷಯದಲ್ಲಿ ಎತ್ತರವೋ ಅಗಲವೋ ಅನ್ನುವುದಕ್ಕಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಆಳ, ಅದು 40ರ ಆಸುಪಾಸಿನಲ್ಲೇ ಇರಲಿ. ಹಳೆಯ ಪೇಪರುಗಳನ್ನು ಅಂಟಿಸಿ ಅದೇ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ, ಎರಡು ದಿನ ಹಾಗೇ ಬಿಟ್ಟು ಓಡಾಡಿ ನೋಡಿ. ರಾತ್ರಿ ಎದ್ದಾಗ ಕಾಲು ಅದರ ಮೇಲೆ ಬಿದ್ದರೆ ನಾಳೆ ಅಲ್ಲೇ ಕಿರುಬೆರಳು ತಾಗುತ್ತದೆ. ಕೋಣೆಯ ಬಾಗಿಲು ಪೂರ್ತಿ ತೆರೆಯುತ್ತದೋ, ಪ್ಲಗ್ ಪಾಯಿಂಟ್ ಹಿಂದೆ ಹುದುಗಿಹೋಗುತ್ತದೋ ಅದನ್ನೂ ಆಗಲೇ ನೋಡಿಕೊಳ್ಳಿ. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಇದ್ದರೆ ಚೆಸ್ಟ್ ಅಷ್ಟು ಮುಂದಕ್ಕೆ ನಿಲ್ಲುತ್ತದೆ, ಆ ಒಂದೆರಡು ಸೆಂ.ಮೀ. ಕೂಡ ಲೆಕ್ಕಕ್ಕೆ ಸೇರಿಸಿ.

ಇನ್ನು ಅಂಗಡಿಯಲ್ಲಿ ಏನು ನೋಡಬೇಕು. ನಡುವಿನ ಒಂದು ಡ್ರಾಯರನ್ನು ಪೂರ್ತಿ ಎಳೆಯಿರಿ. ಮುಕ್ಕಾಲು ಭಾಗ ಬಂದು ನಿಂತರೆ ಹಿಂದಿನ ಕಾಲು ಭಾಗದಲ್ಲಿ ಇಟ್ಟದ್ದು ಮರೆತುಹೋದಂತೆಯೇ. ಬಿಳಿ ಪ್ಲಾಸ್ಟಿಕ್ ಗಾಲಿಯ ಅಗ್ಗದ ಚಾನೆಲ್ಲುಗಳು ಬಹುತೇಕ ಹೀಗೆ ನಿಲ್ಲುತ್ತವೆ. ಮೂರು ಪದರ ಬಿಚ್ಚಿಕೊಳ್ಳುವ ಟೆಲಿಸ್ಕೋಪಿಕ್ ಚಾನೆಲ್ ಪೂರ್ತಿ ಹೊರಬರುತ್ತದೆ, ಸಾಧಾರಣ ಗುಣಮಟ್ಟದ್ದೂ 35–45 ಕೆ.ಜಿ. ಹೊರುತ್ತದೆ. ಒಂದು ಜೀನ್ಸ್ ಅರ್ಧ ಕಿಲೋ ಮೇಲೆಯೇ ತೂಗುತ್ತದೆ, ಡಜನ್ ಜೀನ್ಸ್ ಇಟ್ಟರೂ ಆ ಚಾನೆಲ್ಲಿಗೆ ಲೆಕ್ಕವಿಲ್ಲ. ತಾನಾಗಿ ಮೆಲ್ಲಗೆ, ಸದ್ದಿಲ್ಲದೆ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸ್ ಬೇಕೇ ಬೇಕೆಂದು ಹಟ ಹಿಡಿಯಬೇಡಿ. ಆದರೆ ಮಲಗಿರುವ ಮಗುವಿನ ಪಕ್ಕದಲ್ಲೇ ಬಟ್ಟೆ ತೆಗೆಯಬೇಕಾದ ಕೋಣೆಯಲ್ಲಿ ಆ ದುಡ್ಡು ದಂಡವಲ್ಲ, ಮಗುವಿನ ಬೆರಳಿಗೂ ಕ್ಷೇಮ.

ಎಳೆದ ಡ್ರಾಯರನ್ನು ಮೇಲಕ್ಕೂ ಕೆಳಕ್ಕೂ, ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಸ್ವಲ್ಪ ಆಡಿದರೆ ಪರವಾಗಿಲ್ಲ, ಗಡಗಡ ಅಂದರೆ ಬೇಡ. ಒಂದೇ ಬದಿಯ ಹಿಡಿ ಹಿಡಿದು ಎಳೆದು ನೋಡಿ: ಆಳಕ್ಕಿಂತ ಅಗಲ ತುಂಬಾ ಹೆಚ್ಚಿರುವ ಡ್ರಾಯರ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ತಳ. ಅಂಗೈಯಿಂದ ಒತ್ತಿ, ಬಗ್ಗಿತೋ? 6 ಮಿ.ಮೀ. ಪ್ಲೈವುಡ್ ಆದರೆ ನಿಶ್ಚಿಂತೆ. 3 ಮಿ.ಮೀ. ಆದರೆ ಡ್ರಾಯರ್ ಕಿರಿದಾಗಿರಬೇಕು, ಇಲ್ಲವೇ ತಳದ ನಡುವೆ ಅಡ್ಡಪಟ್ಟಿ ಇರಬೇಕು. ತಳವು ನಾಲ್ಕೂ ಹಲಗೆಯ ತೋಡಿನೊಳಗೆ ಕೂತಿದೆಯೋ, ಕೆಳಗಿನಿಂದ ಬರೀ ಪಿನ್ನು ಹೊಡೆದಿದ್ದಾರೋ ಬಗ್ಗಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಕೊನೆಗೆ ಮೂಲೆ. ಡ್ರಾಯರಿನ ಮುಂದಿನ ಹಲಗೆಯನ್ನು ದಿನಾ ಎಳೆಯುತ್ತೇವೆ, ಅಷ್ಟೂ ಎಳೆತವನ್ನು ತಡೆಯುವುದು ಪಕ್ಕದ ಹಲಗೆಯ ಜೊತೆಗಿನ ಆ ಕೂಡಿಕೆ. ಪಾರಿವಾಳದ ಬಾಲದಂತೆ ಅಗಲವಾಗುತ್ತ ಹೋಗುವ ಹಲ್ಲುಗಳನ್ನು ಒಂದರೊಳಗೊಂದು ಕೂರಿಸುವ ಡವ್‌ಟೇಲ್ ಜಾಯಿಂಟ್ ಎಳೆದಷ್ಟೂ ಬಿಗಿಯಾಗುತ್ತದೆ, ಅಂಟು ಬಿಟ್ಟರೂ ಸುಲಭಕ್ಕೆ ಕಳಚುವುದಿಲ್ಲ. ಮರದ ಗೂಟ ಮತ್ತು ಅಂಟಿನ ಕೂಡಿಕೆಯೂ ವರ್ಷಗಟ್ಟಲೆ ಬರುತ್ತದೆ. ಬರೀ ಸ್ಟೇಪಲ್ ಕಂಡರೆ ನಾನಂತೂ ಡ್ರಾಯರ್ ಮುಚ್ಚಿ ಮುಂದಕ್ಕೆ ಹೋಗುತ್ತೇನೆ.

ಈಗ ಮಗುವಿನ ವಿಷಯ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ವರ್ಷದವರ ಕಣ್ಣಿಗೆ ತೆರೆದ ಡ್ರಾಯರುಗಳು ಮೆಟ್ಟಿಲು. ಡ್ರಾಯರ್ ಹೊರಬಂದಾಗ ಅದರ ಭಾರವೂ ಮುಂದಕ್ಕೆ ಬರುತ್ತದೆ. ಎರಡು ಮೂರು ಒಟ್ಟಿಗೆ ತೆರೆದು, ಮಗು ಅವುಗಳ ಮೇಲೆ ಕಾಲಿಟ್ಟಿತೆಂದರೆ ಒಟ್ಟು ಭಾರ ಮುಂಗಾಲುಗಳನ್ನು ದಾಟಿಹೋಗಿ ಇಡೀ ಚೆಸ್ಟ್ ಮಗುಚುತ್ತದೆ. ಗಿಡ್ಡದಾದರೆ ಬೀಳುವುದಿಲ್ಲ ಅನ್ನುವುದು ತಪ್ಪು ಧೈರ್ಯ. ಅಮೆರಿಕದಲ್ಲಿ ಇದಕ್ಕೆಂದೇ 2022ರ ಕೊನೆಯಲ್ಲಿ ಕಾಯ್ದೆ ತಂದರು, 2023ರ ಸೆಪ್ಟೆಂಬರಿನಿಂದ ನಿಯಮ ಜಾರಿಯಾಯಿತು. ಅದು 27 ಇಂಚಿನಿಂದಲೇ, ಅಂದರೆ ಸುಮಾರು 69 ಸೆಂ.ಮೀ. ಎತ್ತರದಿಂದಲೇ ಅನ್ವಯವಾಗುತ್ತದೆ, ನಮ್ಮ ಸೊಂಟಕ್ಕೂ ಬಾರದ ಎತ್ತರ ಅದು. ಡ್ರಾಯರುಗಳಲ್ಲಿ ತೂಕ ತುಂಬಿ, ಹಲವನ್ನು ಒಟ್ಟಿಗೆ ತೆರೆದು, ಕಾರ್ಪೆಟ್ ಮೇಲೆ ನಿಂತಾಗ ಎಷ್ಟು ವಾಲುತ್ತದೋ ಅಷ್ಟು ವಾಲಿಸಿ, 27 ಕೆ.ಜಿ.ವರೆಗಿನ ಮಗು ಹತ್ತಿದರೂ ಎಳೆದರೂ ಬೀಳಬಾರದು ಎನ್ನುವುದು ಅಲ್ಲಿನ ಪರೀಕ್ಷೆ. ಅಂಗಡಿಯಲ್ಲಿ ಖಾಲಿ ಚೆಸ್ಟ್ ಗಟ್ಟಿಯಾಗಿ ನಿಂತಿದೆ ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ ಅಂತ ಇದರಿಂದ ತಿಳಿಯುತ್ತದೆ. ಕೆಲವು ಚೆಸ್ಟುಗಳಲ್ಲಿ ಒಂದು ಡ್ರಾಯರ್ ತೆರೆದಿದ್ದರೆ ಇನ್ನೊಂದು ತೆರೆಯದಂತೆ ಇಂಟರ್‌ಲಾಕ್ ಇರುತ್ತದೆ. ಸಿಕ್ಕರೆ ಅದನ್ನೇ ಆರಿಸಿ.

ಇಂಟರ್‌ಲಾಕ್ ಇದ್ದರೂ ಗೋಡೆಗೆ ಬಿಗಿಯುವುದನ್ನು ಬಿಡುವ ಹಾಗಿಲ್ಲ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ಡ್ರಿಲ್ ಮಾಡಿ, ವಾಲ್ ಪ್ಲಗ್ ಕೂರಿಸಿ, ಲೋಹದ ಎಲ್ ಪಟ್ಟಿಯನ್ನು ಎರಡು ಕಡೆ ಸ್ಕ್ರೂ ಮಾಡಿ. ಒಳಗೆ ಟೊಳ್ಳಾದ ಜಿಪ್ಸಮ್ ಗೋಡೆಯಾದರೆ ಹಲಗೆಯ ಹಿಂದಿನ ಚೌಕಟ್ಟಿನ ಪಟ್ಟಿ ಎಲ್ಲಿದೆಯೋ ಹುಡುಕಿ ಅದಕ್ಕೇ ಸ್ಕ್ರೂ ಹೋಗಬೇಕು, ಬರೀ ಜಿಪ್ಸಮ್ಮಿಗೆ ಹಾಕಿದ್ದು ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಚೆಸ್ಟಿನ ಕಡೆಯೂ ಸ್ಕ್ರೂ ಗಟ್ಟಿ ಚೌಕಟ್ಟಿಗೆ ಕೂರಬೇಕು, ಹಿಂದಿನ ತೆಳ್ಳನೆಯ ಹಾರ್ಡ್‌ಬೋರ್ಡಿಗೆ ಅಲ್ಲ. ಭಾರದ್ದೆಲ್ಲ ಕೆಳಗಿನ ಡ್ರಾಯರಿಗೆ. ಚೆಸ್ಟಿನ ನೆತ್ತಿಯ ಮೇಲೆ ಟಿವಿ ಬೇಡ, ಆಟದ ಸಾಮಾನಂತೂ ಬೇಡವೇ ಬೇಡ. ಹತ್ತಲು ಅದಕ್ಕಿಂತ ದೊಡ್ಡ ಕಾರಣ ಮಗುವಿಗೆ ಇನ್ನೇನು ಬೇಕು?

ಮರದ ಬಗ್ಗೆ ನನಗಿರುವುದು ಸಣ್ಣ ಉತ್ತರ. ಗಟ್ಟಿ ಮರ ಚೆನ್ನ, ಆದರೆ ಅದು ಉಸಿರಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಮಳೆಗಾಲದಲ್ಲಿ ಡ್ರಾಯರ್ ಬಿಗಿಯುವುದು ಇದರಿಂದಲೇ. ಸಂದು ತೀರ ಕಿರಿದಾಗಿರುವ ಗಟ್ಟಿ ಮರದ ಡ್ರಾಯರನ್ನು ಬೇಸಿಗೆಯಲ್ಲಿ ಕೊಂಡು "ಏನು ನಾಜೂಕು!" ಅನ್ನಬೇಡಿ. ಪ್ಲೈವುಡ್ಡಿನಲ್ಲಿ ಪದರಗಳ ನಾರು ಒಂದಕ್ಕೊಂದು ಅಡ್ಡ ಇರುವುದರಿಂದ ಈ ಹಿಗ್ಗಾಟ ಕಡಿಮೆ, ಸ್ಕ್ರೂ ಕೂಡ ಚೆನ್ನಾಗಿ ಹಿಡಿಯುತ್ತದೆ. ನನ್ನ ಈಗಿನ ಚೆಸ್ಟ್ ಪ್ಲೈವುಡ್ಡಿನದೇ. ಎಂಡಿಎಫ್, ಅಂದರೆ ಮರದ ನಾರಿನ ಪುಡಿಯನ್ನು ಅಂಟು ಹಾಕಿ ಒತ್ತಿದ ಹಲಗೆ, ನುಣುಪು, ಬಣ್ಣ ಬಳಿದರೆ ಚೆಂದ ಕೂರುತ್ತದೆ, ಭಾರ ಜಾಸ್ತಿ. ಮರದ ಚೂರುಗಳನ್ನು ಅಂಟಿನಲ್ಲಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಒಂದೇ ಕೋಣೆಯಲ್ಲಿ ಅಲುಗಾಡದೆ ಇದ್ದರೆ ಎಷ್ಟೋ ವರ್ಷ ಬರುತ್ತದೆ. ಅದಕ್ಕೆ ಶತ್ರು ಎರಡು: ನೀರು ಮತ್ತು ಮನೆ ಬದಲಾವಣೆ. ನೆಲ ಒರೆಸಿದ ನೀರು ಅಂಚಿನೊಳಗೆ ಹೋದರೆ ಊದಿಕೊಳ್ಳುತ್ತದೆ, ಊದಿದ್ದು ಮತ್ತೆ ಇಳಿಯುವುದಿಲ್ಲ. ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂ ತೂತು ಸಡಿಲವಾಗುತ್ತದೆ. ಕೊಳ್ಳುವುದೇ ಆದರೆ ನೆಲದಿಂದ ಎತ್ತರಿಸುವ ಕಾಲುಗಳಿರಲಿ, ಪೊರಕೆಯೂ ಒಳಗೆ ಹೋಗುತ್ತದೆ. ಬೋರ್ಡು ಯಾವುದೇ ಆಗಲಿ, ಅದರ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲವನ್ನು ಕಡಿಮೆ ಸೂಸುವ ಇ1 ಅಥವಾ ಅದಕ್ಕಿಂತ ಬಿಗಿಯಾದ ದರ್ಜೆಯದೇ ಎಂದು ಕೇಳಿ. ತಂದ ಮೇಲೆ ಡ್ರಾಯರುಗಳನ್ನು ಹೊರಗೆ ತೆಗೆದು, ಕಿಟಕಿ ತೆರೆದು ಕೆಲವು ದಿನ ಗಾಳಿಗೆ ಬಿಡಿ, ಮಗು ಮಲಗುವ ಕೋಣೆಯಾದ್ದರಿಂದ ಅವಸರ ಬೇಡ.

ಬಿಡಿಭಾಗವಾಗಿ ಬಂದು ಮನೆಯಲ್ಲಿ ಜೋಡಿಸುವಂಥದ್ದಾದರೆ ಒಂದು ಉಪಾಯ: ಹಿಂದಿನ ಹಲಗೆ ಹೊಡೆಯುವ ಮುನ್ನ ಗೂಡಿನ ಎರಡೂ ಕರ್ಣಗಳನ್ನು ಅಳೆಯಿರಿ. ಎರಡೂ ಸಮ ಬಂದರೆ ಗೂಡು ಸೊಟ್ಟಗಿಲ್ಲ ಅಂತ ಅರ್ಥ. ಆ ತೆಳ್ಳನೆಯ ಹಲಗೆಯೇ ಗೂಡನ್ನು ಆಚೀಚೆ ವಾಲದಂತೆ ಹಿಡಿಯುವುದು. ಸೊಟ್ಟ ಗೂಡಿಗೆ ಹೊಡೆದರೆ ಆ ಸೊಟ್ಟವೇ ಶಾಶ್ವತ, ಆಮೇಲೆ ಡ್ರಾಯರುಗಳ ನಡುವಿನ ಗೆರೆ ಎಂದೂ ನೇರವಾಗುವುದಿಲ್ಲ. ನೆಲ ಏರುಪೇರಿದ್ದರೂ ಹಾಗೇ ಕಾಣುತ್ತದೆ, ಆಗ ಒಂದು ಕಾಲಿನಡಿ ರಟ್ಟಿನ ತುಂಡು ಕೊಟ್ಟು ನೋಡಿ, ಸುಮ್ಮನೆ ಚಾನೆಲ್ಲನ್ನು ಬೈಯಬೇಡಿ.

ಹಾಗಾದರೆ ನಿಮಗೆ ಯಾವುದು? ಗೋಡೆಯಲ್ಲಿ 140 ಸೆಂ.ಮೀ. ಉದ್ದ ಸಿಗುವುದಾದರೆ ಆರು ಡ್ರಾಯರಿನ ಅಗಲದ್ದೇ ತೆಗೆದುಕೊಳ್ಳಿ, ಆದರೆ ಆರೂ ಪಕ್ಕಪಕ್ಕದ ಎರಡು ಸಾಲಿನಲ್ಲಿ, ಒಂದರ ಮೇಲೊಂದು ಮೂರು ಮೂರಾಗಿರಲಿ. ಆಗ ಒಂದೊಂದು ಡ್ರಾಯರ್ ಸುಮಾರು 70 ಅಗಲ, ತಳ ಜೋತುಬೀಳುವ ಭಯ ಕಡಿಮೆ. ಮೇಲಿನೆರಡು ಗಿಡ್ಡ, ಕೆಳಗಿನವು ಎತ್ತರ ಇರುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಅಷ್ಟು ಗೋಡೆ ಇಲ್ಲವಾದರೆ ಎತ್ತರದ ಐದು ಡ್ರಾಯರಿನದೂ ನಡೆಯುತ್ತದೆ, ಗೋಡೆಗೆ ಬಿಗಿದ ಮೇಲೆಯೇ ಬಟ್ಟೆ ತುಂಬುವುದಾದರೆ. "ನಾಳೆ ಡ್ರಿಲ್ ತರಿಸೋಣ" ಅಂತ ತುಂಬಿಟ್ಟರೆ ಆ ನಾಳೆ ಬರುವುದಿಲ್ಲ, ನನ್ನ ಮನೆಯಲ್ಲಿ ಏಳು ತಿಂಗಳು ಬರಲಿಲ್ಲ.

ಗೋಡೆಯ ಉದ್ದ ಎಷ್ಟು, ಬಟ್ಟೆಯ ಗುಡ್ಡೆ ಎಷ್ಟೆತ್ತರ ಬಂತು ಅಂತ ಅಳೆದು ಇಲ್ಲೇ ಬರೆಯಿರಿ. ಮೆಟ್ಟಿಲಿನ ತಿರುವು, ಕೋಣೆಯ ಬಾಗಿಲಿನ ಅಗಲವನ್ನೂ ಸೇರಿಸಿ. ನನ್ನ ಎರಡನೇ ಚೆಸ್ಟ್ ಬಾಗಿಲಲ್ಲೇ ಸಿಕ್ಕಿಕೊಂಡು ಅದರ ಕಾಲು ಬಿಚ್ಚಬೇಕಾಯಿತು.