ಫ್ರೋಜನ್ ಸೀಗಡಿಯಲ್ಲಿ ಹಾಲು ಹೇಗೆ ಬರುತ್ತೆ? ಮನೆಯಲ್ಲಿರೋ ಪ್ಯಾಕೆಟ್ ಬಿಸಾಡಬೇಕಾ?

ಲೇಬಲ್‌ನಲ್ಲಿ ಹೇಳದ ಹಾಲಿದೆ ಅಂತ ಸೀಗಡಿ ಪ್ಯಾಕೆಟ್ ವಾಪಸ್ ತರಿಸಿಕೊಂಡಿದ್ದಾರೆ, ಚೆನ್ನಾಗಿ ಬೇಯಿಸಿದರೆ ಸಾಲದಾ ಅಂತ ಕೇಳಿದ್ದೀರಿ. ನನಗೆ ಮೊಟ್ಟೆ ಅಲರ್ಜಿ, ಹಾಗಾಗಿ ಇಂಥ ರಿಕಾಲ್ ನೋಟಿಸ್‌ಗಳನ್ನು ಬಿಡದೆ ಓದುತ್ತೇನೆ. ಅವುಗಳಲ್ಲಿ ಒಳಗಿನ ಮಾಲು ಕೆಟ್ಟಿರುವುದಿಲ್ಲ, ಎಡವಟ್ಟಾಗಿರುವುದು ಕವರ್‌ನಲ್ಲಿ.

ಬ್ರೆಡ್ ಪುಡಿ ಹಚ್ಚಿದ ಸೀಗಡಿಯನ್ನೇ ನೋಡಿ. ಮೊದಲು ಒಣ ಹಿಟ್ಟು, ಆಮೇಲೆ ಕಲಸಿದ ಹಿಟ್ಟು, ಮೇಲೆ ಬ್ರೆಡ್ ಪುಡಿ. ಗೋಧಿ, ಮೊಟ್ಟೆ, ಹಾಲಿನ ಪುಡಿ, ಸೋಯಾ ಇದರಲ್ಲಿ ಎಲ್ಲಿ ಬೇಕಾದರೂ ಸೇರಿರಬಹುದು. ಬ್ರೆಡ್ ಪುಡಿ ಸಪ್ಲೈ ಮಾಡುವವರು ಸದ್ದಿಲ್ಲದೆ ಹಾಲಿನ ಪುಡಿ ಸೇರಿಸಿದರೆ, ಪ್ಯಾಕ್ ಮಾಡುವವರು ಹಳೇ ಲೇಬಲ್ಲನ್ನೇ ಅಂಟಿಸುತ್ತಾ ಹೋಗುತ್ತಾರೆ. ಅದೂ ಅಲ್ಲದೆ, ಒಂದೇ ಲೈನ್‌ನಲ್ಲಿ ಬೆಳಗ್ಗೆ ಮೀನು, ಮಧ್ಯಾಹ್ನ ಸೀಗಡಿ ಓಡುತ್ತದೆ. ಕವರ್ ರೋಲ್ ಬದಲಿಸೋದು ಮರೆತರೆ ಮುಗೀತು.

ನನಗೆ ಜಾಸ್ತಿ ಭಯ ಇರುವುದು ಏಡಿ ಮಾಂಸದ ಥರ ಕಾಣುವ ಕೆಂಪು-ಬಿಳಿ ಕಡ್ಡಿಗಳ ಬಗ್ಗೆ. ಅದು ಸುರಿಮಿ, ಅಂದರೆ ಅರೆದ ಮೀನು. ಗಟ್ಟಿಯಾಗಿ ನಿಲ್ಲಲಿ ಅಂತ ಹೆಚ್ಚಾಗಿ ಮೊಟ್ಟೆಯ ಬಿಳಿ, ಪಿಷ್ಟ ಹಾಕಿರುತ್ತಾರೆ. ರುಚಿಗೆ ಕೆಲವೊಮ್ಮೆ ನಿಜವಾದ ಏಡಿಯ ಸಾರವೂ ಇರುತ್ತದೆ. ಅದನ್ನೇ ಸಲಾಡ್‌ಗೆ ಹಾಕಿ ಮಾರಿದರೆ ಮೊಟ್ಟೆ ಇದೆ ಅಂತ ಯಾರಿಗೆ ತಾನೇ ಹೊಳೆಯುತ್ತೆ?

ಬೇಯಿಸಿದರೆ ಸಾಲದು. ಅಲರ್ಜಿ ತರುವುದು ಪ್ರೋಟೀನ್‌ಗಳು; ಹಾಲಿನ ಕೇಸಿನ್, ಸೀಗಡಿಯ ಟ್ರೋಪೋಮಯೋಸಿನ್ ಎರಡೂ ಬಿಸಿಗೆ ಜಗ್ಗುವಂಥವಲ್ಲ. ಫ್ರೀಜರ್ ಅಂತೂ ಅವುಗಳನ್ನು ಏನೂ ಮಾಡಲ್ಲ.

ಲೇಬಲ್ ಸರಿಯಿದ್ದರೂ ಒಂದು ಗೊಂದಲವಿದೆ. ಲೇಬಲ್‌ನಲ್ಲಿ ಹೇಳಲೇಬೇಕಾದ ಅಮೆರಿಕದ ಪಟ್ಟಿಯಲ್ಲಿ 9 ಅಲರ್ಜನ್‌ಗಳಿವೆ (ಅಲರ್ಜಿ ತರುವ ಪದಾರ್ಥಗಳು), ಎಳ್ಳು 2023ರಲ್ಲಿ ಸೇರಿತು. ಸೀಗಡಿ, ಏಡಿ ಅದರಲ್ಲಿವೆ, ಕಪ್ಪೆಚಿಪ್ಪಿನಂಥ ಮೃದ್ವಂಗಿಗಳು ಮತ್ತು ಸ್ಕ್ವಿಡ್ ಇಲ್ಲ. ಯುರೋಪಿನ 14ರ ಪಟ್ಟಿಯಲ್ಲಿ ಅವೂ ಇವೆ. ಸೀಗಡಿ ಕಪ್ಪಾಗದಂತೆ ಹಾಕುವ ಸಲ್ಫೈಟ್ ಕೂಡ ಅಲ್ಲಿದೆ, ಕಿಲೋಗೆ 10 ಮಿ.ಗ್ರಾಂ ದಾಟಿದರೆ ಹೇಳಲೇಬೇಕು. ಆಸ್ತಮಾ ಇರುವವರು ಇದನ್ನು ಗಮನಿಸಬೇಕು.

ಬಿಸಾಡುವ ಮೊದಲು ಬ್ರ್ಯಾಂಡ್ ಹೆಸರಿನ ಜೊತೆ ಬ್ಯಾಚ್ ನಂಬರನ್ನೂ ನೋಟಿಸ್‌ನಲ್ಲಿರುವುದಕ್ಕೆ ಹೋಲಿಸಿ. ಫ್ರೋಜನ್ ಮಾಲಿನಲ್ಲಿ ಇದೇ ತಲೆನೋವು. ರಿಕಾಲ್ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ, ನಾವು ಡಬ್ಬಿಗೆ ಸುರಿದು ಕವರ್ ಎಸೆದಿರುತ್ತೇವೆ. ಕವರಿನ ನಂಬರ್ ಇರುವ ತುಂಡನ್ನು ಕತ್ತರಿಸಿ ಡಬ್ಬಿಗೆ ಅಂಟಿಸಿಡಿ. ನಂಬರ್ ಹೊಂದಿದರೆ ಅಂಗಡಿಗೆ ವಾಪಸ್ ಕೊಡಿ, ಸಾಮಾನ್ಯವಾಗಿ ದುಡ್ಡು ಹಿಂದಿರುಗಿಸುತ್ತಾರೆ. ಮನೆಯಲ್ಲಿ ಯಾರಿಗೂ ಹಾಲಿನ ಅಲರ್ಜಿ ಇಲ್ಲದಿದ್ದರೆ ಈಗಾಗಲೇ ತಿಂದಿದ್ದಕ್ಕೆ ಗಾಬರಿ ಬೇಡ. ಅಲರ್ಜಿ ಇರುವವರು ತಿಂದು ತುಟಿ ಊದಿದರೆ, ಗಂಟಲು ಬಿಗಿದರೆ, ಕಾಯುತ್ತಾ ಕೂರಬೇಡಿ. ಅಡ್ರಿನಾಲಿನ್ ಇಂಜೆಕ್ಷನ್ ಇದ್ದರೆ ಕೊಟ್ಟು ತಕ್ಷಣ ಆಂಬುಲೆನ್ಸ್ ಕರೆಸಿ.