ಸಂಘದ ಕಟ್ಟಡಕ್ಕೂ ತೆರಿಗೆಯೇ, ಮಾರಾಯ?

ಮೊನ್ನೆ ಫೋನಿನಲ್ಲಿ ನೀನು ನಗುತ್ತ ಕೇಳಿದ್ದು ಎರಡು ಪ್ರಶ್ನೆ. ಲಾಭ ಮಾಡದ ಸಂಘ, ಸ್ವಂತ ಜಾಗ, ಹಾಗಿದ್ದರೂ ತೆರಿಗೆ ಯಾಕೆ? ಕೇರಳದಲ್ಲಿ ಕನ್ನಡ ವಾಚನಾಲಯಕ್ಕೆ ಯಾರು ಬರುತ್ತಾರೆ?

ಎರಡನೆಯದಕ್ಕೆ ಉತ್ತರ ಸುಲಭ: ನಾವೇ ಬರುತ್ತೇವೆ. ಮಂಜೇಶ್ವರದ ಗೋವಿಂದ ಪೈ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವನು ನೀನು. ಆ ಮಂಜೇಶ್ವರ 1956ರ ನವೆಂಬರ್ 1ರಿಂದ ಯಾವ ರಾಜ್ಯದಲ್ಲಿದೆ ಎಂದು ನಿನ್ನ ಮೇಷ್ಟ್ರು ಹೇಳಲಿಲ್ಲವೇನೋ.

ಇನ್ನು ತೆರಿಗೆ. ಜಾಗದ್ದು ಕಂದಾಯ ಇಲಾಖೆಯ ಗ್ರಾಮ ಕಚೇರಿಗೆ, ಕಟ್ಟಡದ್ದು ವರ್ಷ ವರ್ಷ ಪಂಚಾಯತಿಗೆ. ಹೊಸದಾಗಿ ಕಟ್ಟಡ ಎಬ್ಬಿಸಿದರೆ 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯಂತೆ ಒಮ್ಮೆ ಮಾತ್ರ ಕಟ್ಟುವ ತೆರಿಗೆ ಬೇರೆ. ನಮ್ಮ ತಕರಾರು ಪಂಚಾಯತಿಯದರ ಬಗ್ಗೆ. ಅದರಲ್ಲಿ ಸಾರ್ವಜನಿಕ ಪೂಜಾಸ್ಥಳ, ಶಾಲೆ, ವಾಚನಾಲಯಗಳಿಗೆ ವಿನಾಯಿತಿ ಇದೆ. ಆದರೆ ಯಜಮಾನ ಯಾರು ಎಂದು ನೋಡುವುದಕ್ಕಿಂತ ಕಟ್ಟಡದೊಳಗೆ ಏನು ನಡೆಯುತ್ತದೆ ಎಂದು ನೋಡುತ್ತಾರೆ. ನಮ್ಮಲ್ಲಿ ಮೇಲೆ ಪುಸ್ತಕ, ಶನಿವಾರ ಯಕ್ಷಗಾನ ತರಗತಿ. ಕೆಳಗೆ ಊರಿನವರ ನಿಶ್ಚಿತಾರ್ಥಕ್ಕೂ ಕೊಡುವ ಸಭಾಂಗಣ. ರಸ್ತೆಯ ಬದಿಗೆ ಬಾಡಿಗೆಯ ಎರಡು ಕೋಣೆ, ಒಂದು ದರ್ಜಿಗೆ, ಒಂದು ಜೆರಾಕ್ಸಿಗೆ. ಪೇಪರಿನ ಬಿಲ್ಲು ಆ ಬಾಡಿಗೆಯಲ್ಲೇ ತೀರುತ್ತದೆ. ಆ ಎರಡು ಕೋಣೆಗೆ ತೆರಿಗೆ ಕಟ್ಟಬೇಕು, ಅದರಲ್ಲಿ ನಮ್ಮ ತಕರಾರಿಲ್ಲ. ಉಳಿದದ್ದನ್ನು ಬಿಡಿಸಿಕೊಳ್ಳುವುದೇ ತಲೆನೋವು.

ಪಂಚಾಯತಿಯ ನೋಟೀಸಿನ ತಲೆಬರಹ ‘ವಸ್ತು ನಿಕುತಿ’. ಮಲಯಾಳದಲ್ಲಿ ವಸ್ತು ಎಂದರೆ ಆಸ್ತಿ, ನಿಕುತಿ ಎಂದರೆ ತೆರಿಗೆ. ನಮ್ಮ ಹಳೆಯ ಕೋಶಾಧಿಕಾರಿ ಅದನ್ನು ಓದಿ, ಕುರ್ಚಿ ಮೇಜುಗಳ ಪಟ್ಟಿ ಮಾಡಿಕೊಂಡು ಹೋಗಿದ್ದರು. ಅದಕ್ಕೆ ಈಗ ನಗುತ್ತೇವೆ. ಕಳೆದ ಬಾರಿಯದಕ್ಕೆ ನಗು ಬರುವುದಿಲ್ಲ. ವಿನಾಯಿತಿ ಕೇಳಲು ಲೆಕ್ಕದ ಪುಸ್ತಕ ಒಯ್ದೆ. ‘ಭಾಗವತರಿಗೆ ಸಂಭಾವನೆ’ ಎಂದು ಪುಟ ಪುಟಕ್ಕೂ ಇದೆ. ಮೇಜಿನಾಚೆಯ ಗುಮಾಸ್ತರು ಬೆರಳಿಟ್ಟು ಕೇಳಿದರು: ‘ತೆರಿಗೆ ಕಟ್ಟಲು ಹಣವಿಲ್ಲ ಎನ್ನುತ್ತೀರಿ, ಈ ಮನುಷ್ಯನಿಗೆ ತಿಂಗಳು ತಿಂಗಳು ದಾನ ಕೊಡುತ್ತೀರಲ್ಲ?’ ಅವರ ಭಾಷೆಯಲ್ಲಿ ಸಂಭಾವನೆ ಎಂದರೆ ದೇಣಿಗೆ. ಇಪ್ಪತ್ತು ವರ್ಷ ಮದ್ದಳೆಯವರ ಜೊತೆ ಜಗಳವಾಡಿಕೊಂಡೇ ಮಕ್ಕಳಿಗೆ ಪದ ಕಲಿಸಿದ ಭಾಗವತರು ಒಂದು ಗೆರೆಯಲ್ಲಿ ಭಿಕ್ಷುಕರಾದರು.

ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲಿದೆ. ಕೊಟ್ಟೆ. ಉತ್ತರ ಮಲಯಾಳದಲ್ಲಿ ಬಂತು. ಸನ್ಯಾಸಿನಿಯರ ವಸತಿಗೆ ವಿನಾಯಿತಿ ಸರಿ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪನ್ನೂ ಜೆರಾಕ್ಸ್ ಮಾಡಿಸಿ ಒಯ್ದೆ, ನಮ್ಮದೇ ಬಾಡಿಗೆಯವನ ಅಂಗಡಿಯಲ್ಲಿ. ‘ಅದು 1975ರ ತೆರಿಗೆ, ಇದು ಬೇರೆ’ ಎಂದರು ಗುಮಾಸ್ತರು. ಅವರು ಹೇಳಿದ್ದು ಸರಿಯೇ, ಅದೇ ಹೊಟ್ಟೆಯುರಿ.

‘ಕರ್ನಾಟಕಕ್ಕೆ ಬಂದುಬಿಡಿ’ ಎನ್ನುತ್ತೀಯಲ್ಲ, ಕಪಾಟುಗಳನ್ನು ಎಲ್ಲಿಗೆ ಹೊರುವುದು? ಬಯ್ಯುವುದಿದ್ದರೂ ಇದು ನಮ್ಮ ಪಂಚಾಯತಿ. ಆ ಗುಮಾಸ್ತರ ಮಗಳು ನಮ್ಮಲ್ಲೇ ಹೆಜ್ಜೆ ಕಲಿಯುತ್ತಾಳೆ.

ಅಂಗಡಿ ಕೋಣೆಗಳ ತೆರಿಗೆ ಹೋದ ವಾರ ಕಟ್ಟಿದೆ. ರಶೀದಿಯಲ್ಲಿ ಕೊನೆಯ ಸಾಲು ಗ್ರಂಥಾಲಯ ಸೆಸ್, ತೆರಿಗೆಯ ರೂಪಾಯಿಗೆ ಐದು ಪೈಸೆ. ಗ್ರಂಥಾಲಯಗಳನ್ನು ಬೆಳೆಸಲಿಕ್ಕೆಂದು ಗ್ರಂಥಾಲಯದವರಿಂದಲೇ ವಸೂಲಿ. ಆ ರಶೀದಿಯನ್ನು ಕಾದಂಬರಿಗಳ ಕಪಾಟಿನಲ್ಲಿ ಇಟ್ಟಿದ್ದೇನೆ.