ಬೇಸ್‌ಬಾಲ್ ಪಟ್ಟಿ ಓದೋದು ಕಲಿಯಬೇಕಾ ಅಂತ ಕೇಳಿದ ತಮ್ಮನಿಗೆ

ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಇನ್ನೂ ತಿಂಗಳಾಗಿಲ್ಲ, ಆಫೀಸಿನವರು ಇಲ್ಲಿನ ಬೇಸ್‌ಬಾಲ್ ತಂಡ ಜಯಂಟ್ಸ್ ಆಟಕ್ಕೆ ಕರೆದಿದ್ದಾರೆ, ಆಟ ಮುಗಿದ ಮೇಲೆ ಎಲ್ಲರೂ ನೋಡುವ ಬಾಕ್ಸ್ ಸ್ಕೋರ್, ಅಂದರೆ ಆಟದ ಅಂಕಪಟ್ಟಿ, ಒಂದೂ ತಿಳಿಯಲ್ಲ, ಅದನ್ನೂ ಕಲಿಯಬೇಕಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಕಾರು, ಊಟ. ಬಾಡಿಗೆ ಜಾಸ್ತಿ, ಇನ್ನೊಬ್ಬರ ಜೊತೆ ಇರು. ಕಾರಿಗೆ ಅವಸರ ಬೇಡ. ಊಟಕ್ಕೆ ಅಮ್ಮ ಸಾರಿನ ಪುಡಿ ಕಟ್ಟಿಕೊಟ್ಟೇ ಇರ್ತಾರೆ.

ಪಟ್ಟಿ ಮಾತ್ರ ಕಲಿ. ನಾನು ಬಂದ ಹೊಸದರಲ್ಲಿ ಮಧ್ಯಾಹ್ನ ಊಟದ ಮೇಜಿನಲ್ಲಿ ಬಾಯಿ ಬಿಡದೆ ಕೂತಿರುತ್ತಿದ್ದೆ. ಒಬ್ಬ ಹಿರಿಯ ಸಹೋದ್ಯೋಗಿ ಪೇಪರಿನ ಆಟದ ಪುಟ ಮುಂದಿಟ್ಟು, ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಹೇಳಿಕೊಟ್ಟರು. ಇದಕ್ಕೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಿಂದ ವಲಸೆ ಬಂದವರು, ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಹಾಗಾಗಿ ನಮಗೆ ಕಷ್ಟವಿಲ್ಲ. ಬ್ಯಾಟರ್ ಮುಂದೆ ಎಬಿ (ಲೆಕ್ಕಕ್ಕೆ ಬಂದ ಬ್ಯಾಟಿಂಗ್ ಸರದಿ), ಆರ್ (ರನ್), ಎಚ್ (ಹೊಡೆದು ಬೇಸ್ ತಲುಪಿದ್ದು), ಆರ್‌ಬಿಐ (ಅವನ ಬ್ಯಾಟಿಂಗಿನಿಂದ ತಂಡಕ್ಕೆ ಬಂದ ರನ್). ಚೆಂಡು ಎಸೆಯುವ ಪಿಚರ್ ಮುಂದೆ 5.2 ಅಂತಿದ್ದರೆ ಐದು ಇನಿಂಗ್ಸ್ ಮತ್ತು ಎರಡು ಔಟ್. ನಮ್ಮ ಓವರ್ ಲೆಕ್ಕದ ಹಾಗೇ. ಕೆ ಅಂದರೆ ಸ್ಟ್ರೈಕ್‌ಔಟ್, ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗೋದು. ಫೀಲ್ಡರ್‌ಗಳಿಗೆ 1ರಿಂದ 9ರವರೆಗೆ ನಂಬರ್: ಪಿಚರ್ 1, ಕ್ಯಾಚರ್ 2, ಶಾರ್ಟ್‌ಸ್ಟಾಪ್ 6.

ಒಂದು ವ್ಯತ್ಯಾಸ ಗಮನಿಸು. ನಮ್ಮ ಕ್ರಿಕೆಟ್ ಪಟ್ಟಿಯಲ್ಲಿ ಕಿರ್ಮಾನಿ ಹಿಡಿದ ಕ್ಯಾಚು ಔಟಾದವನ ಹೆಸರಿನ ಪಕ್ಕದಲ್ಲೇ, ಚಂದ್ರಶೇಖರ್ ಹೆಸರಿನ ಜೊತೆಗೇ ಇರುತ್ತೆ. ಇಲ್ಲಿ ಬ್ಯಾಟರ್ ಸಾಲಿನಲ್ಲಿ ಹಿಡಿದವನ ಸುಳಿವೇ ಇಲ್ಲ.

2014ರ ವರ್ಲ್ಡ್ ಸೀರೀಸ್, ಅಂದರೆ ಇಲ್ಲಿನ ಬೇಸ್‌ಬಾಲ್ ಫೈನಲ್ ಸರಣಿಯ, ಏಳನೇ ಆಟ ತೆಗೆದು ನೋಡು. ಕ್ಯಾನ್ಸಸ್ ಸಿಟಿಯಲ್ಲಿ ಜಯಂಟ್ಸ್ 3, ರಾಯಲ್ಸ್ 2. ಬರೀ ಎರಡು ದಿನದ ವಿಶ್ರಾಂತಿಯ ಮೇಲೆ ಬಂದ ಜಯಂಟ್ಸ್ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಕೊನೆಯ ಐದು ಇನಿಂಗ್ಸ್ ಒಂದೂ ರನ್ ಕೊಡಲಿಲ್ಲ. ಆಟ ಮುಗಿದಾಗ ಗೆದ್ದ ತಂಡದ ಒಬ್ಬ ಪಿಚರ್ ಹೆಸರಿಗೆ ಹೋಗುವ ಗೆಲುವನ್ನು ಅಧಿಕೃತ ಸ್ಕೋರರ್ ಮೊದಲು ಅವನಿಗೇ ಬರೆದು, ಆಮೇಲೆ ಬದಲಿಸಿದರು. ತಂಡ ಮುನ್ನಡೆ ಪಡೆದಾಗ ಪಿಚರ್ ಆಗಿದ್ದವನು ಜೆರೆಮಿ ಅಫೆಲ್ಟ್, ನಿಯಮದ ಪ್ರಕಾರ ಗೆಲುವು ಅವನದು, ಬಮ್‌ಗಾರ್ನರ್‌ಗೆ ಮುನ್ನಡೆ ಕಾಪಾಡಿದ್ದಕ್ಕೆ ಸೇವ್. ಅದೇ ಆಟದ ಮೂರನೇ ಇನಿಂಗ್ಸಿನಲ್ಲಿ ಜೋ ಪ್ಯಾನಿಕ್ ನೆಲಕ್ಕೆ ಹಾರಿಬಿದ್ದು ಗ್ಲವ್‌ನಿಂದಲೇ ಚೆಂಡನ್ನು ಕ್ರಾಫರ್ಡ್‌ಗೆ ತಳ್ಳಿದ. ಮರುಪರಿಶೀಲನೆಯಲ್ಲಿ ರಾಯಲ್ಸ್‌ನ ಇಬ್ಬರೂ ಔಟ್. ಸ್ಕೋರ್ ಬರೆಯುವವರ ಕೈಯಲ್ಲಿ ಅದು 4-6-3: ಎರಡನೇ ಬೇಸಿನ ಪ್ಯಾನಿಕ್‌ನಿಂದ ಶಾರ್ಟ್‌ಸ್ಟಾಪ್ ಕ್ರಾಫರ್ಡ್‌ಗೆ, ಅಲ್ಲಿಂದ ಮೊದಲ ಬೇಸಿನವನಿಗೆ. ಹಾರಿಬಿದ್ದದ್ದನ್ನು ಬರೆಯಲು ಜಾಗವೇ ಇಲ್ಲ.

ಇದನ್ನು ಇಷ್ಟು ಹೇಳೋದಕ್ಕೆ ಕಾರಣ ಇದೆ. ನನ್ನ ಮೊದಲ ಕಂಪನಿಯಲ್ಲಿ ರಾತ್ರಿಯೆಲ್ಲ ಕೂತು ನಾನು ಮುಗಿಸಿದ ಕೆಲಸ ವರ್ಷದ ವರದಿಯಲ್ಲಿ ಇನ್ನೊಬ್ಬರ ಹೆಸರಲ್ಲಿ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ವಾರವಾರ ಬರೆದು ಕಳಿಸಿದ್ದವರು ಅವರು. ಮಾಡಿದ ಕೆಲಸ ತಾನೇ ಮಾತಾಡುತ್ತೆ, ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಾರದು ಅಂತ ನಮ್ಮನೆಗಳಲ್ಲಿ ಬೆಳೆಸಿದ್ದು ನಿನಗೆ ಗೊತ್ತೇ ಇದೆ. ಇಲ್ಲಿ ಸ್ಕೋರರ್ ಬರೆದದ್ದೇ ಆಟ. ಆ ವರ್ಷ ಕೆಲಸ ಉಳಿಯುತ್ತೋ ಇಲ್ಲವೋ ಅನ್ನೋ ಭಯದಲ್ಲಿ ರಜೆ ಕೇಳಲಾಗಲಿಲ್ಲ, ಅಪ್ಪನ ಷಷ್ಟಿಪೂರ್ತಿಗೆ ನಾನಿಲ್ಲ. ಪ್ರಮೋಷನ್ ಮುಂದೆ ಸಿಕ್ಕಿತು. ಆ ಫೋಟೊಗಳನ್ನು ಮಾತ್ರ ಇವತ್ತಿಗೂ ಪೂರ್ತಿ ನೋಡೋಕಾಗಲ್ಲ.

ಆಟಕ್ಕೆ ಹೋಗು. ಒರಾಕಲ್ ಪಾರ್ಕ್ ಕೊಲ್ಲಿಯ ದಡದಲ್ಲೇ ಇದೆ, ಬೇಸಿಗೆಯಲ್ಲೂ ಸಂಜೆ ಸ್ವೆಟರ್ ಬೇಕು. ಗಾರ್ಲಿಕ್ ಫ್ರೈಸ್ ತಿನ್ನು. ಪಕ್ಕದಲ್ಲಿ ಯಾರಾದರೂ ವಯಸ್ಸಾದವರು ಸ್ಕೋರ್ ಬರೆಯುತ್ತಿದ್ದರೆ ಸಂಕೋಚ ಬಿಟ್ಟು ಕೇಳು, ಖುಷಿಯಿಂದ ಹೇಳಿಕೊಡ್ತಾರೆ. ಮತ್ತೆ, ವಾರದ ಕೆಲಸ ಬರೆದು ಮ್ಯಾನೇಜರ್‌ಗೆ ಕಳಿಸೋದನ್ನ ಈ ಶುಕ್ರವಾರದಿಂದಲೇ ಶುರು ಮಾಡು. ಅಪ್ಪ ಅಮ್ಮನ ಮುಖ್ಯ ದಿನಗಳ ರಜೆಯನ್ನೂ ಅದೇ ಪತ್ರದಲ್ಲಿ ಮುಂಚೆಯೇ ಹೇಳಿಬಿಡು.